ಸೂರ್ಯನಿಲ್ಲದ ಬೆಂಗ್ರೆ

ನನ್ನ ಬಣ್ಣದ ಪೆಟ್ಟಿಗೆಯಲ್ಲಿ ಯಾವಾಗಲೂ ಮೊದಲು ಮುಗಿಯುವ ಟ್ಯೂಬು ಕಿತ್ತಳೆಯದು. ಬೂದು ಬಣ್ಣದ್ದರ ಮುಚ್ಚಳವನ್ನು ಬಹಳ ಕಾಲ ತೆರೆದೇ ಇರಲಿಲ್ಲ. ತಿಳಿದವರು ಇಷ್ಟರಿಂದಲೇ ನನ್ನನ್ನು ಅಳೆದುಬಿಡಬಹುದು. ವಾರವಿಡೀ ಕಾಲೇಜಿನಲ್ಲಿ ಪಾಠ ಮಾಡಿ ಭಾನುವಾರ ಸೂರ್ಯಾಸ್ತ ಬರೆಯುವವಳು ನಾನು. ಅತ್ತಾವರದಿಂದ ಬಿಕರ್ನಕಟ್ಟೆಯವರೆಗೆ ನಮ್ಮ ನೆಂಟರ ಮನೆಗಳಲ್ಲಿ, ಸೋಫಾದ ಮೇಲ್ಗಡೆ, ನನ್ನ ಸೂರ್ಯ ವರ್ಷಗಳಿಂದ ಮುಳುಗುತ್ತಲೇ ಇದ್ದಾನೆ. ನೋಡಿದವರೆಲ್ಲ 'ಚೆಂದ ಉಂಟು' ಎನ್ನುತ್ತಾರೆ. ಆ ಮಾತೇ ಈಚೆಗೆ ನನ್ನನ್ನು ಕಾಡತೊಡಗಿತ್ತು. ದೊಡ್ಡ ಕಲಾವಿದರ ಭೂದೃಶ್ಯದ ಮುಂದೆ ನಿಂತವರು ಮೊದಲು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಒಂದು ಸಲವಾದರೂ ಯಾರನ್ನಾದರೂ ಹಾಗೆ ಸುಮ್ಮನಾಗಿಸಬೇಕು ಎಂಬುದು ನಾನು ಯಾರಿಗೂ ಹೇಳದ ಆಸೆ.

ದೊಡ್ಡಮ್ಮ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಒಂದು ಚಿತ್ರ ಕೇಳಿದಾಗ ಆ ಆಸೆಗೊಂದು ದಾರಿ ಸಿಕ್ಕಿತು. ಮೀನಿನ ದೋಣಿಗಳು ನಿಲ್ಲುವ ದಕ್ಕೆಗೆ ಹೋಗಿ, ಎದುರು ದಡದ ಬೆಂಗ್ರೆಯನ್ನು ನಡುಮಧ್ಯಾಹ್ನದಲ್ಲಿ ನೋಡಿದೆ. ಕೆಸರು ಬಣ್ಣದ ನದಿ, ಬಿಳಿಚಿದ ಆಕಾಶ, ಒಂದಕ್ಕೊಂದು ಒತ್ತಿಕೊಂಡ ದೋಣಿಗಳು. ಅಲ್ಲೇ ಗೆರೆ ಹಾಕಿಕೊಂಡು ಮನೆಯಲ್ಲಿ ಬಣ್ಣ ಮುಗಿಸಿದೆ.

ಶನಿವಾರ ಸಂಜೆ ಅದನ್ನು ಅವರ ಗೋಡೆಗೆ ಒರಗಿಸಿಟ್ಟಾಗ ದೊಡ್ಡಮ್ಮ ನಿಜಕ್ಕೂ ಸುಮ್ಮನಾದರು.

"ಸೂರ್ಯ ಎಲ್ಲಿ ಮಗಾ?" ಎಂದರು ಆಮೇಲೆ.

"ಮಧ್ಯಾಹ್ನ ಅಲ್ವಾ ದೊಡ್ಡಮ್ಮ. ಮೇಲೆ ಇದ್ದಾನೆ."

"ಬೆಂಗ್ರೆಯಲ್ಲಿ ಕರೆಂಟು ಹೋಗಿತ್ತಾ ಎಂತ?" ಎಂದರು ದೊಡ್ಡಪ್ಪ, ಕನ್ನಡಕ ಸರಿಮಾಡಿಕೊಳ್ಳುತ್ತ.

"ನೀವೊಮ್ಮೆ ಸುಮ್ಮನಿರಿ ಮಾರಾಯ್ರೆ." ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಬೇಸರ ಮಾಡ್ಬೇಡ ಆಯ್ತಾ? ಆ ಬಗ್ಗಿದ ತೆಂಗಿನ ಮರ ಉಂಟಲ್ಲ, ಅದು ಭಾರೀ ಲಾಯ್ಕ ಬಂದಿದೆ. ಅದರ ಹಿಂದೆ ಒಂದು ಸಣ್ಣ ಸೂರ್ಯ ಇಟ್ಟುಬಿಡು, ಮುಗೀತು. ಜಾಗ ಹೇಗೂ ಉಂಟು."

ಜಾಗ ಇತ್ತು, ಸೂರ್ಯನಿಗೆಂದೇ ಬಿಟ್ಟ ಹಾಗೆ. ನನಗೆ ಹೆದರಿಕೆಯಾದದ್ದು ಅದಕ್ಕೇ. ನೀರಿನ ಕಡೆಗೆ ಒಯ್ಯಾರವಾಗಿ ಬಾಗಿದ ಆ ಮರವನ್ನು ನಾನು ಕಂಡದ್ದು ಬೆಂಗ್ರೆಯಲ್ಲೋ ನನ್ನದೇ ಸೂರ್ಯಾಸ್ತಗಳಲ್ಲೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸೂರ್ಯನನ್ನು ಕೈಬಿಟ್ಟರೆ ಸಾಕು, ಹವ್ಯಾಸದಿಂದ ಕಲೆಗೆ ದಾಟಿದಂತೆ ಎಂದುಕೊಂಡಿದ್ದೆ. ದೊಡ್ಡ ಕಲಾವಿದರು ಎದುರಿಗೆ ಇರುವುದನ್ನು ನೋಡಿ ಬರೆಯುತ್ತಾರೆ. ನನ್ನ ಕೈ ತನಗೆ ಬಾಯಿಪಾಠವಾದದ್ದನ್ನು ನನ್ನನ್ನೂ ಕೇಳದೆ ಬರೆದಿಟ್ಟಿತ್ತು. ಸರಿಮಾಡಿ ತರುತ್ತೇನೆ ಎಂದು ಹೇಳಿ ಚಿತ್ರವನ್ನು ವಾಪಸು ಒಯ್ದೆ.

ಮರುದಿನ ಬೆಳಿಗ್ಗೆ ದಕ್ಕೆಗೆ ಹೋದೆ. ಎದುರು ದಡದಲ್ಲಿ ತೆಂಗಿನ ಮರಗಳು ಬೇಕಾದಷ್ಟು ಇದ್ದವು, ಎಲ್ಲವೂ ನೆಟ್ಟಗೆ. ಮನೆಗೆ ಬಂದು ಬಾಗಿದ ಮರದ ಮೇಲೆ ಬಣ್ಣ ಬಳಿದು ಅಳಿಸಿದೆ. ದೊಡ್ಡಮ್ಮ ಹೇಳಿದ್ದು ಸರಿ. ಚಿತ್ರದಲ್ಲಿ ಲಾಯ್ಕ ಬಂದದ್ದು ಅದೊಂದೇ ಆಗಿತ್ತು.