ಕಪಾಟಿನ ನಲವತ್ತೊಂದು ಶೀಶೆಗಳ ಪರವಾಗಿ

ಮಾನ್ಯರೇ,

...ತಾವು ‘ಉಳಿದದ್ದಕ್ಕೆಲ್ಲ ಒಂದು ಗೆರೆ ಹಾಕಿಬಿಡಿ’ ಎಂದಿರೋ, ‘ಗೆರೆ ಎಳೆದು ಮುಗಿಸಿಬಿಡಿ’ ಎಂದಿರೋ, ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತಾದ್ದರಿಂದ ಸರಿಯಾಗಿ ನೆನಪಿಲ್ಲ. ಯುರೇನಿಯಂ ಗಣಿಯ ಮುಖ್ಯಾಧಿಕಾರಿಗಳಾದ ತಮಗೆ ಪರೀಕ್ಷಾ ಕೋಣೆಯ ಸಾದರ ನಮಸ್ಕಾರಗಳನ್ನು ಸಲ್ಲಿಸುವ ಮೊದಲೇ ಆ ಮಾತು ಕೈಗೆ ಬಂದುಬಿಟ್ಟಿದ್ದಕ್ಕೆ ಕ್ಷಮೆಯಿರಲಿ.

ನಮ್ಮ ವರದಿಯ ನಮೂನೆಯಲ್ಲಿ ಎರಡೇ ಕಾಲಮ್ಮುಗಳಿರುವುದನ್ನು ತಾವು ಬಲ್ಲಿರಿ: ಯುರೇನಿಯಂ ಮತ್ತು ಇತರೆ. ಮೊದಲನೆಯದಕ್ಕೆ ಅಂಕಿ, ಎರಡನೆಯದಕ್ಕೆ ಗೆರೆ. ಅದೇ ಕಲ್ಲಿನೊಳಗೆ ವೆನೇಡಿಯಂ, ಮಾಲಿಬ್ಡಿನಂ, ಇನ್ನೂ ಹೆಸರು ಕೇಳದ ಕೆಲವು ವಿರಳ ಧಾತುಗಳು ಮದುವೆ ಮನೆಯ ಬಡ ನೆಂಟರಂತೆ ಮೂಲೆ ಹಿಡಿದು ಕೂತಿದ್ದರೂ ಅವನ್ನು ಮಾತನಾಡಿಸಬಾರದೆಂಬುದು ಕೋಣೆಯ ಶಿಸ್ತು. ನಾನು ಬಲು ನೇರವಾದ ಗೆರೆಗಳನ್ನು ಎಳೆದೆ; ತಾವು ಒಮ್ಮೆ ಪ್ರಶಂಸಾಪತ್ರವನ್ನೂ ಕೊಟ್ಟಿರಿ. ಗೆರೆ ಎಳೆಯುವುದರಲ್ಲಿ ಒಂದು ನೆಮ್ಮದಿಯಿದೆ, ಏನನ್ನೂ ತಿಳಿದುಕೊಳ್ಳಬೇಕಿಲ್ಲ ಎಂಬ ನೆಮ್ಮದಿ.

ಕೋಣೆಯಲ್ಲಿ ಕಲ್ಲು ಅರೆಯುವ, ನಾವೆಲ್ಲ ಅಕ್ಕ ಎಂದೇ ಕರೆಯುವ ಹಿರಿಯರು ಮಾತ್ರ ಈ ಶಿಸ್ತನ್ನು ಕಲಿಯಲಿಲ್ಲ. ಯುರೇನಿಯಂ ಸಾಲದೆಂದು ತಳ್ಳಿಹಾಕಿದ ಕಲ್ಲುಗಳ ಪುಡಿಯನ್ನು ಎಸೆಯದೆ ಖಾಲಿ ಮಾತ್ರೆ ಶೀಶೆಗಳಿಗೆ ತುಂಬಿ, ನೆಲ ಕೊರೆದ ಯಾವ ರಂಧ್ರದ್ದು, ಎಷ್ಟು ಆಳದ್ದು ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿ ಸಾಲಾಗಿ ಜೋಡಿಸುತ್ತ ಬಂದರು. ಅಕ್ಕನ ಔಷಧಿ ಅಂಗಡಿ ಎಂದು ನಗುವವರಲ್ಲಿ ನಾನೇ ಮೊದಲಿಗ. ‘ನಗಿ, ನಗಿ. ನೀವು ಹುಡುಕ್ಲಿಲ್ಲ ಅಂತ ಕಲ್ಲು ಖಾಲಿ ಆಗ್ಬಿಡತ್ತಾ?’ ಎಂದು ಕೇಳಿ ಅವರು ಮತ್ತೊಂದು ಚೀಟಿ ಅಂಟಿಸುತ್ತಿದ್ದರು.

ಕಳೆದ ವಾರ ಒಂದೇ ಲಕೋಟೆಯಲ್ಲಿ ತಮ್ಮ ಎರಡು ಆದೇಶಗಳು ಬಂದವು. ವೆನೇಡಿಯಂನಂಥ ನಿರ್ಣಾಯಕ ಖನಿಜಗಳು ದೇಶಕ್ಕೆ ತುರ್ತಾಗಿ ಬೇಕಾಗಿರುವುದರಿಂದ ಹಳೆಯ ಕಲ್ಲುಗಳಲ್ಲಿನ ‘ಇತರೆ’ಯ ಸಂಪೂರ್ಣ ವಿವರವನ್ನು ತಿಂಗಳೊಳಗೆ ಕಳುಹಿಸಬೇಕೆಂದು ಮೊದಲನೆಯದು. ಅನುಮತಿಯಿಲ್ಲದೆ ಇಟ್ಟುಕೊಂಡ ನಲವತ್ತೊಂದು ಶೀಶೆಗಳನ್ನು ಸೋಮವಾರದೊಳಗೆ ನಾಶಪಡಿಸಿ, ನಿವೃತ್ತಿಗೆ ಏಳು ತಿಂಗಳಿರುವ ಅಕ್ಕನನ್ನು ಅಂದೇ ಅಮಾನತಿನಲ್ಲಿಡಬೇಕೆಂದು ಎರಡನೆಯದು. ಎರಡರ ಕೆಳಗೂ ತಮ್ಮದೇ ಸಹಿ, ಒಂದೇ ಶಾಯಿ. ಕೇಳುವುದನ್ನೂ ಬಿಸಾಡಿಸುವುದನ್ನೂ ಒಂದೇ ಲಕೋಟೆಯಲ್ಲಿ ಮಡಿಸಿಡುವ ಅಚ್ಚುಕಟ್ಟುತನ ಎಲ್ಲರಿಗೂ ಒಲಿಯುವುದಿಲ್ಲ.

ಆದ್ದರಿಂದ ಸೋಮವಾರವನ್ನು ಒಂದು ತಿಂಗಳು ಆಚೆಗೆ ಸರಿಸುವ, ಅದು ಕಷ್ಟವಾದರೆ ನಾಶವಾದ ಪುಡಿಯನ್ನು ಪರೀಕ್ಷಿಸುವ ವಿಧಾನವನ್ನಾದರೂ ತಿಳಿಸುವ ಕೃಪೆ ಮಾಡಬೇಕು. ಯಾರನ್ನಾದರೂ ಅಮಾನತಿನಲ್ಲಿಡಲೇಬೇಕೆಂದಿದ್ದರೆ ಶೀಶೆಗಳನ್ನು ಕಾಪಿಟ್ಟವರನ್ನು ಬಿಟ್ಟು ಗೆರೆ ಎಳೆದವನನ್ನು ಪರಿಗಣಿಸಬಹುದು. ಪ್ರಶಂಸಾಪತ್ರವನ್ನು ಲಗತ್ತಿಸಿದ್ದೇನೆ, ಸಾಕ್ಷ್ಯಕ್ಕೆ ಅನುಕೂಲವಾದೀತು.

ಇಂದಿಗೂ ಗೆರೆ ತಪ್ಪದ,
ತಮ್ಮ ವಿಶ್ವಾಸಿ,
ಪರೀಕ್ಷಾ ಕೋಣೆಯ ಹಿರಿಯ ಸಹಾಯಕ

ಮರೆತ ಮಾತು: ಪುಡಿ ಹೋದರೇನು, ಮೂಲ ಕಲ್ಲುಗಳಿಲ್ಲವೇ ಎಂದು ತಮಗೆ ಅನ್ನಿಸಬಹುದು. ಅವನ್ನೆಲ್ಲ ತಮ್ಮ ಅಪ್ಪಣೆಯಂತೆಯೇ ಜಲ್ಲಿ ಮಾಡಿ, ಕಚೇರಿಯ ಮುಂದೆ ವಾಹನ ನಿಲ್ಲಿಸುವ ಜಾಗಕ್ಕೆ ಹಾಸಿ, ಮೇಲೆ ಡಾಂಬರು ಹಾಕಲಾಗಿದೆ. ಸೋಮವಾರ ಅಕ್ಕನನ್ನೂ ಶೀಶೆಗಳನ್ನೂ ಕಳುಹಿಸಿಕೊಟ್ಟ ಮೇಲೆ ಮಂಗಳವಾರ ಬೆಳಗ್ಗೆ ನಾನು ಹಾರೆ ಹಿಡಿದು ಅಲ್ಲಿಗೇ ಬರಬೇಕಾಗುತ್ತದೆ. ಅಂದು ತಾವು ಕಾರನ್ನು ಎಲ್ಲಿ ನಿಲ್ಲಿಸುವಿರಿ?