ಅವ್ವ ಕಲಿತ ಸ್ಪ್ಯಾನಿಷ್

ಫೋನ್ ರಿಪೇರಿ ಅಂಗಡಿ ಇಟ್ಟವನಿಗೆ ದಿನಕ್ಕೊಂದು ಸೋಜಿಗ ತಪ್ಪಿದ್ದಲ್ಲ. ಆದರೂ ಮದ್ದೂರು ತಾಲ್ಲೂಕಿನ ನಮ್ಮ ಹಳ್ಳಿಗೆ ಸ್ಪ್ಯಾನಿಷ್ ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಕೊಕ್ಕರೆ ಬೆಳ್ಳೂರಿನ ಹಕ್ಕಿ ನೋಡೋಕೆ ಸ್ಪೇನಿನಿಂದ ಬಂದ ಹುಡುಗಿಯೊಬ್ಬಳು ಮೂರು ತಿಂಗಳು ನಮ್ಮನೆ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು.

೧. ಪಂತಾಯ

ಬಸ್ಸಿಳಿದ ಮೊದಲ ದಿನವೇ ಆಕೆಯ ಫೋನು ಬಿದ್ದು ಒಡೆಯಿತು. ಗಾಬರಿಯಲ್ಲಿ "ಪಂತಾಯ, ಪಂತಾಯ!" ಅಂತ ಕೂಗಿದಳಂತೆ. ಅಲ್ಲೇ ಕೂತಿದ್ದ ಗೌಡರೊಬ್ಬರು "ಪಾಪ, ಪಂಚಾಯ್ತಿ ಕೇಳ್ತಾವ್ಳೆ" ಅಂತ ನೇರ ಪಂಚಾಯ್ತಿ ಆಫೀಸಿಗೇ ಕರ್ಕೊಂಡು ಹೋದರು. ಅಲ್ಲಿದ್ದವರು ಇಬ್ಬರನ್ನೂ ನನ್ನ ಅಂಗಡಿಗೆ ಕಳಿಸಿದರು. ಆಕೆ ಬೆರಳಿಟ್ಟು ತೋರಿಸಿದ್ದು ನೋಡಿ, ಪಂತಾಯ ಅಂದ್ರೆ ಫೋನಿನ ಸ್ಕ್ರೀನು ಅಂತ ಗೌಡರಿಗೆ ಹೇಳಿದೆ.

"ಒಡೆದೋಗಿರದು ತಾನೆ? ನಮ್ ಪಂಚಾಯ್ತೀನೂ ಒಡೆದೋಗ್ಯದೆ, ಬುಡ್ಲಾ!" ಅಂದರು.

೨. ಯಾಮ

ಅವತ್ತಿಂದ ನಾನು ಆಕೆಯ ಪದಗಳನ್ನು ನೋಟುಬುಕ್ಕಿನಲ್ಲಿ ಬರೆದು, ಗಟ್ಟಿಯಾಗಿ ಓದಿ ಕಲಿಯತೊಡಗಿದೆ. ಬತೆರಿಯ ಅಂದ್ರೆ ಬ್ಯಾಟರಿ, ಕಾರ್ಗದೋರ್ ಅಂದ್ರೆ ಚಾರ್ಜರು. ಓದು ಬಾರದ ನಮ್ಮವ್ವ ಅವರೆಕಾಯಿ ಸುಲಿಯುತ್ತಾ ಸುಮ್ಮನೆ ಕೇಳುತ್ತಿದ್ದಳು.

ಒಂದು ಬೆಳಗ್ಗೆ ಹುಡುಗಿಯ ಫೋನು ಬಡಿದುಕೊಂಡಿತು. ಖುಷಿಯಿಂದ "ಮಮಾ ಯಾಮ!" ಅಂತ ಓಡಿ ಬಂದಳು. ಅಮ್ಮ ಫೋನ್ ಮಾಡ್ತಿದಾಳೆ ಅಂತ ಅರ್ಥ. ಅವ್ವ ಅಡ್ಡ ನಿಂತಳು. "ಬೆಳ್ಬೆಳಗ್ಗೆ ಯಮ ಅಂತೀಯಲ್ಲಾ! ಎತ್ಬ್ಯಾಡ ಕಣಮ್ಮ!"

ಅರ್ಥ ತಿಳಿದ ಮೇಲೆ ಅವ್ವನಿಗೆ ಅದೇ ಇಷ್ಟವಾಯಿತು. ಮಾರನೇ ದಿನ ನನಗೆ ಫೋನು ಬಂದಾಗ ಬೀದಿಗೆಲ್ಲ ಕೇಳೋ ಹಾಗೆ ಕೂಗಿದಳು: "ಲೇ, ನಿಂಗ್ ಯಾಮ ಬಂತು ಕಣ್ಲಾ!"

ನಾನು ಹಲೋ ಅನ್ನೋದರೊಳಗೆ ಅಕ್ಕಪಕ್ಕದವರು ಅಂಗಳದಲ್ಲಿ ಸೇರಿದ್ದರು.

೩. ಇಹಾ

ಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಮೂರನೇ ದಿನ ಹುಡುಗಿ ಸತ್ತ ಫೋನನ್ನು ಅಂಗಡಿಯಲ್ಲಿ ಚಾರ್ಜಿಗಿಟ್ಟು ಹಕ್ಕಿ ನೋಡೋಕೆ ಹೋದಳು. ಜೀವ ಬಂದದ್ದೇ ತಡ, ವಿಡಿಯೋ ಕಾಲ್. ಎತ್ತಿದೆ. ಹುಡುಗಿಯ ಅಮ್ಮ. ಅತ್ತೂ ಅತ್ತೂ ಕಣ್ಣು ಊದಿದ್ದವು. ನನ್ನ ನೋಡಿದ್ದೇ ಇನ್ನೂ ಜೋರಾಗಿ ಅತ್ತರು. ಬರೆದಿಟ್ಟ ಪದವೆಲ್ಲ ನನಗೆ ಮರೆತೇ ಹೋಯಿತು.

ಊಟ ತಂದಿದ್ದ ಅವ್ವ ಫೋನು ಕಿತ್ತುಕೊಂಡಳು. "ಅಳಬ್ಯಾಡಿ ಕಣಮ್ಮ. ಸಿನ್ ಬತೆರಿಯ! ಇಹಾ ಬಿಯೆನ್!" ಬ್ಯಾಟರಿ ಇರಲಿಲ್ಲ, ಮಗಳು ಚೆನ್ನಾಗಿದಾಳೆ ಅಂತ. ಇವಳು ಯಾವಾಗ ಕಲಿತಳು? ಆ ತಾಯಿ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಅರ್ಧ ಗಂಟೆ ಅವರು ಸ್ಪ್ಯಾನಿಷಲ್ಲಿ, ಇವಳು ಕನ್ನಡದಲ್ಲಿ, ಕೈ ಆಡಿಸ್ಕೊಂಡು ಮಾತೋ ಮಾತು.

"ಏನವ್ವಾ ಅಷ್ಟೊತ್ತು?" ಅಂದೆ.

"ಪಾಪ, ಅವ್ರ ಸೊಸೆ ಸರಿ ಇಲ್ವಂತೆ ಕಣ್ಲಾ."

ನಾನು ಬಿದ್ದು ಬಿದ್ದು ನಕ್ಕೆ. ಸಂಜೆ ಹುಡುಗಿ ಅಮ್ಮನ ಜೊತೆ ಮಾತಾಡಿ ಬಂದು, ತನ್ನ ಅರೆಬರೆ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು:

"ಅಣ್ಣ, ನನ್ನ ಅತ್ತಿಗೆ ಜಗಳ ಮಾಡಿದ್ದು ನನಗೇ ಗೊತ್ತಿರಲಿಲ್ಲ. ಅವ್ವಂಗೆ ಹೇಗೆ ಗೊತ್ತು?"