ನಿಲ್ಲದ ಇಪ್ಪತ್ತು ನಿಮಿಷ

ಮಧುಕರನ ಮನೆಯ ನೆಮ್ಮದಿ ಕೆಡಿಸಿದ್ದು ಹೆಸರುಕಾಳಿನಷ್ಟು ಗಾತ್ರದ ಒಂದು ಹಳದಿ ದೀಪ. ಪುಣೆಯ ಭೋಸರಿಯ ಕಾರ್ಖಾನೆಯ ಜರ್ಮನ್ ಸಾಹೇಬ ಊರಿಗೆ ಮರಳುವಾಗ ಬಿಟ್ಟುಹೋದ ಕಾರಿಗೆ ಸಿಬ್ಬಂದಿಯೆಲ್ಲ ಚೀಟಿ ಹಾಕಿದ್ದರು; ಖರೀದಿ ವಿಭಾಗದ ಮಧುಕರನ ಹೆಸರು ಬಂದಿತ್ತು. ಗಾಲಿಯಲ್ಲಿ ಗಾಳಿ ಇಳಿದರೆ ಸ್ಟಿಯರಿಂಗ್ ಹಿಂದಿನ ಫಲಕದಲ್ಲಿ ದೀಪ ಹಚ್ಚಿ ತಾನಾಗಿಯೇ ಹೇಳುವ ಕಾರು 2009ರಲ್ಲಿ ಅವನ ಹೌಸಿಂಗ್ ಸೊಸೈಟಿಯಲ್ಲಿ ಮತ್ತೊಂದಿರಲಿಲ್ಲ. ಕಷ್ಟವೆಂದರೆ, ಗಾಳಿ ತುಂಬಿಸಿದ ಮೇಲೂ ಅದು ಹೇಳುವುದನ್ನು ಬಿಡಲಿಲ್ಲ. ಮೂರು ಪೆಟ್ರೋಲ್ ಪಂಪುಗಳಲ್ಲಿ ಅಳೆಸಿದ. ನಾಲ್ಕೂ ಗಾಲಿಗಳು ಎದೆಯುಬ್ಬಿಸಿದ ಪೈಲ್ವಾನರ ಹಾಗಿದ್ದವು. ದೀಪ ಮಾತ್ರ ನಿದ್ದೆಗೆಟ್ಟ ಬೀಗಿತ್ತಿಯ ಕಣ್ಣಿನಂತೆ ಅವನನ್ನೇ ದಿಟ್ಟಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಶೈಲಶ್ರೀ ಅವಲಕ್ಕಿಯ ತಟ್ಟೆಯ ಜೊತೆಗೆ ತೀರ್ಪನ್ನೂ ತಂದಿಟ್ಟಳು.

"ಆ ದೀಪ ಉರಿಯೂತನಕ ನಾ ಆ ಗಾಡ್ಯಾಗ ಕೂಡಂಗಿಲ್ಲ. ನಾಳಿ ಜೇಜುರಿಗೆ ಓಂಕಾರನ ಜೀಪಿನ್ಯಾಗ ಹೋಗೂಣು."

ಓಂಕಾರ್ ಅವಳ ತಮ್ಮ. ಅವನ ಜೀಪಿನ ಹಿಂದಿನ ಸೀಟಿನಲ್ಲಿ, ಬುಟ್ಟಿಗಳ ನಡುವೆ ತಾನೂ ಒಂದು ಬುಟ್ಟಿಯಾಗಿ, ಮಧುಕರ ಆರು ವರ್ಷ ಖಂಡೋಬನ ದರ್ಶನಕ್ಕೆ ಹೋಗಿ ಬಂದಿದ್ದ. ಈ ಸಲ ಸ್ಟಿಯರಿಂಗ್ ಹಿಡಿಯುವವನು ತಾನೇ ಎಂದು ಓಣಿಗೆಲ್ಲ ಹೇಳಿಯಾಗಿತ್ತು.

"ಸಂಜಿಯೊಳಗ ಆರಸ್ತೀನಿ," ಎಂದ.

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ತಾಯಿ ಶಿವಬಸವ್ವ ತಲೆಯೆತ್ತಿದಳು. "ದೇವರಿಗೆ ಹೊಂಟಾಗ ದೀಪ ಆರಸ್ತೀನಿ ಅನಬಾರದಪಾ. ಶಾಂತ ಮಾಡ್ತೀನಿ ಅನ್ನು."

ಕೆಳಗೆ ಕಾರಿನ ಸುತ್ತ ಆಗಲೇ ಸಭೆ ಸೇರಿತ್ತು. ಮೀಟರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮುಳ್ಳು ಜೋಡಿಸಿ ನಿವೃತ್ತರಾಗಿದ್ದ ಮೈಸೂರಿನ ಸುಬ್ಬಯ್ಯನವರು ಕಿಟಕಿಯೊಳಗೆ ತಲೆ ತೂರಿಸಿ ಕೀಲಿ ತಿರುಗಿಸಲು ಹೇಳಿದರು.

"ನೋಡಿ, ಕೀಲಿ ತಿರುಗಿಸಿದ ತಕ್ಷಣ ಎಲ್ಲಾ ದೀಪಾನೂ ಒಂದ್ಸಲ ಹತ್ಕೊಳ್ತವೆ. ಶಾಲೇಲಿ ಹಾಜರಿ ಹೇಳೋ ಮಕ್ಕಳ ಥರ. ಆಮೇಲೆ ಕೂತ್ಕೊಳ್ತವೆ. ಇವನೊಬ್ಬ ಮಾತ್ರ ನಿಂತೇ ಇದಾನೆ."

ಸರ್ವಿಸ್ ಸೆಂಟರಿನವರು ಫೋನಿನಲ್ಲಿ ಮೂರು ದಿನ ಗಾಡಿ ಬಿಡಿ ಎಂದರು. ಓಂಕಾರ್ ಬ್ಯಾಟರಿ ಕಳಚಲು ಹೇಳಿದ. ಮೇಲಿನ ಮನೆಯ ಸಕ್ಕುಬಾಯಿ ನಿಂಬೆಹಣ್ಣು ಕಟ್ಟಲು ಹೇಳಿದಳು. ಮಧುಕರ ಯಾರ ಮಾತನ್ನೂ ಕೇಳದೆ ಡಿಕ್ಕಿಯಿಂದ ಕಾರಿನ ಪುಸ್ತಕ ತೆಗೆದ. ಅದರ ಪ್ರಕಾರ ಕೆಲಸ ಬಲು ಸುಲಭ: ಸ್ಟಿಯರಿಂಗ್ ಕೆಳಗಿನ ಗುಂಡಿಯನ್ನು ದೀಪ ಮಿಟುಕುವ ತನಕ ಒತ್ತಿ ಹಿಡಿಯುವುದು, ಆಮೇಲೆ ಗಂಟೆಗೆ ಐವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದೆ, ಎಲ್ಲಿಯೂ ನಿಲ್ಲಿಸದೆ, ಇಪ್ಪತ್ತು ನಿಮಿಷ ಓಡಿಸುವುದು.

"ಎಲ್ಲೂ ನಿಲ್ಲಸಲಾರದ? ಪುಣ್ಯಾದಾಗ?" ಓಂಕಾರ್ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಗಾಡಿ ನಂದು. ದೀಪ ನಂದು. ರಸ್ತಾ ಸರಕಾರದ್ದು. ನೋಡೇಬಿಡೂಣು."

ಸಾಕ್ಷಿಗೆಂದು ಓಂಕಾರ್ ಕೈಗಡಿಯಾರ ಸಮೇತ ಪಕ್ಕದಲ್ಲಿ ಕೂತ. ಹೇಗೂ ಹೊರಟಿದ್ದೀರಿ, ಸ್ವಾರಗೇಟಿನಲ್ಲಿ ಇಳಿಸಿರೆಂದು ಸಕ್ಕುಬಾಯಿ ಹಿಂದೆ ಹತ್ತಿದಳು. ಇಳಿಸಬೇಕಾದರೆ ನಿಲ್ಲಿಸಬೇಕು ಎಂಬುದು ಸ್ವಾರಗೇಟ್ ದಾಟಿದ ಮೇಲೆ ಅವಳಿಗೆ ಹೊಳೆಯಿತು. ಮಧುಕರ ನಿಲ್ಲಿಸಲಿಲ್ಲ.

ಮೊದಲ ಪ್ರಯತ್ನ ನಾಲ್ಕನೆಯ ನಿಮಿಷಕ್ಕೆ ಒಂದು ಮದುವೆಯ ಬ್ಯಾಂಡಿಗೆ ಸಿಕ್ಕಿ ಸತ್ತಿತು. ಎರಡನೆಯದು ಹನ್ನೊಂದನೆಯ ನಿಮಿಷದ ತನಕ ಬಂತು. ಆಗ ಕೆಂಪು ಸಿಗ್ನಲ್ ಕಾಣದವನಂತೆ ದಾಟಿದ್ದಕ್ಕೆ ಸೀಟಿ ಊದಿದ ಪೊಲೀಸ್ ಕಿಟಕಿಗೆ ಬಾಗಿ, "ಕಾಕಾ, ಸಿಗ್ನಲ್ ದಿಸತ್ ನಾಹೀ ಕಾ?" ಎಂದು ಮೆತ್ತಗೆ ಕೇಳಿದ. ಮಧುಕರ ಪುಸ್ತಕ ತೆರೆದು, ನಿಲ್ಲಬಾರದೆಂದು ಬರೆದಿದ್ದ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ. ಪೊಲೀಸ್ ಆ ಸಾಲನ್ನು ಗಮನವಿಟ್ಟು ಓದಿ, ತನ್ನ ಪುಸ್ತಕ ತೆಗೆದು ರಶೀದಿ ಹರಿದುಕೊಟ್ಟ.

"ಮನೀಗೆ ಹೋಗೂಣ್ರಿ ಭಾವಾರ," ಎಂದ ಓಂಕಾರ್. ಸ್ವಾರಗೇಟಿಗೆ ಮರಳಿ ಒಯ್ದು ಇಳಿಸದಿದ್ದರೆ ನಿಮ್ಮ ತಾಯಿಗೆ ಹೇಳುತ್ತೇನೆಂದು ಸಕ್ಕುಬಾಯಿ ಹೆದರಿಸಿದಳು. ಮಧುಕರ ಕಾರನ್ನು ಕಾತ್ರಜ್ ಘಾಟಿನ ಆಚೆಗೆ, ಭೋರ್ ಕಡೆಯ ಹೆದ್ದಾರಿಗೆ ಒಯ್ದು, ಮೂರನೆಯ ಸಲ ಗುಂಡಿ ಒತ್ತಿದ.

ಈ ಸಲ ರಸ್ತೆ ಅವನದಾಗಿತ್ತು. ಹತ್ತು ನಿಮಿಷ. ಹದಿನೈದು. ಓಂಕಾರ್ ಕೂಡ ಸೀಟಿನ ತುದಿಗೆ ಸರಿದ. ಹತ್ತೊಂಬತ್ತು ಎನ್ನುವಾಗ ಎದುರಿಗೆ ಟೋಲ್ ನಾಕೆ, ಅದರ ಮುಂದೆ ಲಾರಿಗಳ ಸಾಲು.

"ನಿಲ್ಲಸ್ರಿ," ಎಂದ ಓಂಕಾರ್.

"ನಿಲ್ಲಸಂಗಿಲ್ಲ."

ಕಾರು ಎಡಕ್ಕೆ ಹೊರಳಿ ಹಳ್ಳಿಯ ದಾರಿಗೆ ನುಗ್ಗಿತು. ಎಮ್ಮೆ ಬಿದ್ದರೂ ಕಾಣಿಸದಂಥ ಒಂದು ತಗ್ಗಿಗೆ ಧಡ್ ಎಂದು ಇಳಿದು ಎದ್ದಿತು. ಸಕ್ಕುಬಾಯಿ ಕೈಯಲ್ಲಿದ್ದ ಕೊಡೆ ಮುಂದಿನ ಸೀಟಿಗೆ ಬಂತು. ಮಧುಕರ ಕಣ್ಣು ತೆರೆದು ನೋಡಿದ. ಹಳದಿ ದೀಪ ಇರಲಿಲ್ಲ.

"ಇನ್ನೂ ಅರ್ಧಾ ನಿಮಿಷ ಇತ್ತಲ್ಲ," ಎಂದು ಓಂಕಾರ್ ಗಡಿಯಾರ ಅಲುಗಿಸಿದ.

"ನಿನ್ನ ಗಡಿಯಾರ ಹಿಂದ ಅದ."

ಸಂಜೆ ಸೊಸೈಟಿಯ ಅಂಗಳಕ್ಕೆ ಅವನು ಬಂದದ್ದು ಕೋಟೆ ಗೆದ್ದ ಸರದಾರನ ಹಾಗೆ. ಶೈಲಶ್ರೀಯನ್ನು ಕರೆಸಿದ, ತಾಯಿಯನ್ನು ಕೈಹಿಡಿದು ಮೆಟ್ಟಿಲು ಇಳಿಸಿದ. ಕೀಲಿ ತಿರುಗಿಸಿ ಎಲ್ಲರಿಗೂ ತೋರಿಸಿದ. ಶೈಲಶ್ರೀ ಬಗ್ಗಿ ನೋಡಿ, ಹಾಗಾದರೆ ನಾಳೆ ಇದರಲ್ಲೇ ಹೋಗೋಣ ಎಂದಳು. ಆ ಸುಖ ಮಧುಕರನಿಗೆ ಸುಮಾರು ಎರಡು ಉಸಿರಿನಷ್ಟು ಹೊತ್ತು ದಕ್ಕಿತು.

"ಇನ್ನೊಂದ್ಸಲ ತಿರುಗಿಸಿ," ಎಂದರು ಸುಬ್ಬಯ್ಯ.

ತಿರುಗಿಸಿದ. ದೀಪಗಳೆಲ್ಲ ಒಮ್ಮೆ ಹತ್ತಿ ಕೂತವು.

"ಹಳದಿಯವನು ಹಾಜರಿ ಹೇಳ್ಲಿಲ್ಲ," ಎಂದರು ಸುಬ್ಬಯ್ಯ. "ಬಲ್ಬ್ ಹೋಗಿದೆ ಮಧುಕರ್. ಎಲ್ಲೋ ಜೋರಾಗಿ ಕುಲುಕಿರಬೇಕು. ಹೊಸದು ಹಾಕಿ ನೋಡಿ. ಬಹುಶಃ ಮತ್ತೆ ನಿಂತ್ಕೊಳ್ತಾನೆ."

"ಹೋದ್ರ ಹೋಗಲಿ," ಎಂದ ಮಧುಕರ. "ದೀಪ ಉರೀಬಾರದು ಅಂದ್ರಿ. ಉರೀವಲ್ದು. ಮಾತು ಮುಗೀತು."

ಮಾತು ಮುಗಿಸಿದವಳು ಶಿವಬಸವ್ವ. "ಸತ್ತ ದೀಪ ಇಟಗೊಂಡು ಖಂಡೋಬನ ಕಡೆ ಹೋಗ್ತಾರೇನೋ? ನಾ ಈ ಗಾಡಿ ಹತ್ತಂಗಿಲ್ಲ."

ಹೊಸ ಬಲ್ಬ್ ಹಾಕಿದರೆ ಹೆಂಡತಿ ಹತ್ತುವುದಿಲ್ಲ, ಹಾಕದಿದ್ದರೆ ತಾಯಿ. ಓಂಕಾರ್ ಸದ್ದಿಲ್ಲದೆ ಜೀಪಿನ ಕೀಲಿಯನ್ನು ಜೇಬಿನಿಂದ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡ.

ಭಾನುವಾರ ನಸುಕಿನಲ್ಲಿ ಮಧುಕರ ಏಳನೆಯ ವರ್ಷವೂ ಬುಟ್ಟಿಗಳ ನಡುವೆ ಕೂತ. ಓಂಕಾರ್ ಜೀಪ್ ಚಾಲೂ ಮಾಡಿದೊಡನೆ, ಸ್ಟಿಯರಿಂಗ್ ಹಿಂದಿನ ಮೀಟರುಗಳ ಮೇಲೆ ಅಂಟಿಸಿದ್ದ ಖಂಡೋಬನ ಪಟದ ಅಂಚಿನ ಸುತ್ತಲೂ ಕೆಂಪು ಬೆಳಕು ಪ್ರಭಾವಳಿಯಂತೆ ಹರಡಿತು.

"ನೋಡು, ದೇವರ ಹಿಂದ ದೀಪ ಹೆಂಗ ಬೆಳಗ್ಲಿಕ್ಕತ್ತದ," ಎಂದು ಶಿವಬಸವ್ವ ಕೈಮುಗಿದಳು. ಶೈಲಶ್ರೀಯೂ ಕೆನ್ನೆಗೆ ಬೆರಳು ಮುಟ್ಟಿಸಿಕೊಂಡಳು.

ಮಧುಕರ ಬುಟ್ಟಿ ಸರಿಸಿ, ಮುಂದಕ್ಕೆ ಬಾಗಿ, ಪಟದ ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿದ. ಆಮೇಲೆ ಭಾವಮೈದುನನ ಕಿವಿಯಲ್ಲಿ ಹಲ್ಲು ಕಚ್ಚಿ ಹೇಳಿದ: "ಓಂಕಾರ್, ಇದು ಎಂಜಿನ್ ಆಯಿಲ್ ದೀಪ."

"ಗೊತ್ತದ್ರಿ ಭಾವಾರ," ಎಂದು ಓಂಕಾರ್ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ. "ಮೊದಲನೇ ವರ್ಷ ನಾನೂ ಪುಸ್ತಕ ಓದಿದ್ದೆ."